ಬೈಲು ದಾಟಿ ಬಯಲಾಟಕ್ಕೆ

ಮಂಗಳೂರಿನ ಚಳಿಗಾಲವನ್ನು ಕಂಡು ಘಟ್ಟದ ಮೇಲಿನವರು ನಗುತ್ತಾರೆ. ಮಡಿಕೇರಿಯಿಂದಲೋ ಚಿಕ್ಕಮಗಳೂರಿನಿಂದಲೋ ಬಂದ ನೆಂಟರಿಗೆ ಡಿಸೆಂಬರಿನ ರಾತ್ರಿಯಲ್ಲೂ ಇಲ್ಲಿ ಫ್ಯಾನು ಬೇಕು. ಬೆಳಗಿನ ಜಾವ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ದೇರೆಬೈಲಿನ ಹಿರಿಯರು ತಲೆಗೆ ಮಫ್ಲರ್ ಸುತ್ತಿ, "ಎಂಥ ಚಳಿ ಮಾರಾಯ್ರೆ" ಎನ್ನುತ್ತ ಹಾಲು ತರಲು ಹೊರಡುತ್ತಾರೆ. ಗಂಟೆ ಹತ್ತಾದಾಗ ಅದೇ ಹಿರಿಯರು ಅಂಗಿಯ ಗುಂಡಿ ಬಿಚ್ಚಿ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಿರುತ್ತಾರೆ. ಇಲ್ಲಿಯ ಚಳಿ ಅಷ್ಟೇ. ಆದರೆ ಆ ಹೊತ್ತಿಗೆ ಗೇರುಮರ ಹೂ ಬಿಡತೊಡಗಿರುತ್ತದೆ, ನೆಲ ಒಣಗಿರುತ್ತದೆ, ಆಕಾಶದಲ್ಲಿ ಮೋಡ ಇರುವುದಿಲ್ಲ. ನಾಲ್ಕು ತಿಂಗಳು ಮಳೆಗೆ ಹೆದರಿ ಮಾಡಿನ ಕೆಳಗೆ ಕೂತ ಜನರಿಗೆ ಹೊರಗೆ ಕಾಲಿಡಲು ಇಷ್ಟು ಧಾರಾಳವಾಯಿತು. ಸಂಜೆ ಎಲ್ಲಿಂದಲೋ ಚೆಂಡೆ ಕೇಳಿಸಿತೆಂದರೆ ಚಳಿಗಾಲ ಬಂತೆಂದೇ ಲೆಕ್ಕ.

ಈ ಲೆಕ್ಕ ಹಳೆಯದು. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ಒಂದೊಂದಾಗಿ ತಮ್ಮ ದೇವಸ್ಥಾನದಲ್ಲಿ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ತುಳುವರ ಜಾರ್ದೆ, ಪೆರಾರ್ದೆ, ಪುಯಿಂತೆಲ್ ತಿಂಗಳುಗಳು, ಅಂದರೆ ಸುಮಾರು ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ಆಟದ ಭರಾಟೆ. ಬೇಷ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮೇಳ ಒಳಸೇರುತ್ತದೆ. ಆಮೇಲೆ ಮಳೆಗಾಲದಲ್ಲಿ ತಾಳಮದ್ದಳೆ. ಅದಕ್ಕೆ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಭೂತಗಳ ನೇಮ, ಕೋಲ, ಎಮ್ಮೆಕೋಣಗಳ ಕಂಬಳ, ಇವಕ್ಕೂ ಹೆಚ್ಚುಕಡಿಮೆ ಇದೇ ಪಂಚಾಂಗ.

ಈ ಪಂಚಾಂಗವನ್ನು ಬರೆದದ್ದು ಗದ್ದೆ. ಕರಾವಳಿಯ ಬೇಸಾಯಗಾರರು ಭತ್ತದ ಗದ್ದೆಯನ್ನು ಮೂರು ಬಗೆಯಾಗಿ ಹೇಳುತ್ತಾರೆ. ತಗ್ಗಿನ, ನೀರು ನಿಲ್ಲುವ ನೆಲ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಮಳೆಯೊಂದನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೆಟ್ಟಿನಲ್ಲಿ ಮಳೆಗಾಲದ ಏಣಿಲು ಒಂದೇ ಬೆಳೆ. ಮಜಲಿನಲ್ಲಿ ಏಣಿಲು ಕೊಯ್ದ ಮೇಲೆ ಸುಗ್ಗಿ. ನೀರಿನ ಆಸರೆಯಿದ್ದ ಬೈಲಿನಲ್ಲಿ ಮೂರನೆಯದಾಗಿ ಕೊಳಕೆಯೂ ಉಂಟು. ಏಣಿಲು ಕೊಯ್ಲು ಮುಗಿದು ಗದ್ದೆ ಖಾಲಿಯಾದಾಗ ಒಣಗಿದ ಕೂಳೆಯ ಮೇಲೆ ನಾಲ್ಕು ಕಂಬ ನೆಟ್ಟು, ಮಾವಿನೆಲೆ ಕಟ್ಟಿ ರಂಗಸ್ಥಳ ಮಾಡುತ್ತಿದ್ದರು. ಮನೆಯಲ್ಲಿ ಅಕ್ಕಿ ಇದ್ದ ಕಾಲ, ಕೈಗೆ ಬಿಡುವು ಇದ್ದ ಕಾಲ, ಮಳೆ ಬಾರದ ಕಾಲ. ಬಯಲಿನಲ್ಲಿ ಆಡುವ ಆಟ ಬಯಲಾಟ. ಶಿವರಾಮ ಕಾರಂತರು ಯಕ್ಷಗಾನದ ಕುರಿತು ಬರೆದು 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗ್ರಂಥದ ಹೆಸರು 'ಯಕ್ಷಗಾನ ಬಯಲಾಟ' ಎಂದೇ ಇದೆ. ಬಯಲು, ಬೈಲು ಎರಡೂ ಒಂದೇ ಮಾತು.

ದೇರೆಬೈಲಿನ ಮಕ್ಕಳನ್ನು, ನಿಮ್ಮ ಊರಿನ ಹೆಸರಿನಲ್ಲಿರುವ ಬೈಲು ಎಲ್ಲಿದೆ ಎಂದು ಕೇಳಿ ನೋಡಬೇಕು. ಮಂಗಳೂರು ಮಹಾನಗರಪಾಲಿಕೆಯ 60 ವಾರ್ಡುಗಳಲ್ಲಿ ಐದಕ್ಕೆ ದೇರೆಬೈಲಿನ ಹೆಸರಿದೆ. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಸಾಲದೆಂದು ನೈಋತ್ಯವೂ ಒಂದು. ದಿಕ್ಕುಗಳು ಇಷ್ಟಾದವು, ಬೈಲು ಮಾತ್ರ ದಿಕ್ಕಿಲ್ಲದೆ ಹೋಯಿತು. ಮಣ್ಣು ತುಂಬಿಸಿ ಮನೆ ಕಟ್ಟಿದರು, ಮನೆ ಕೆಡವಿ ಫ್ಲಾಟು ಕಟ್ಟಿದರು. ಅದನ್ನು ತಪ್ಪೆನ್ನುವುದು ಸುಲಭ. ಆದರೆ ಹಾಗೆ ಎನ್ನುವವರೂ ಅದೇ ಫ್ಲಾಟಿನ ಮೂರನೇ ಮಾಳಿಗೆಯಲ್ಲಿ ಇರುತ್ತಾರೆ. ನೀರು ಮಾತ್ರ ಹಳೆಯ ದಾರಿಯನ್ನು ಮರೆತಿಲ್ಲ. 2018ರ ಮೇ 29ರ ಮಳೆಗೆ ಪಕ್ಕದ ಕೊಟ್ಟಾರ ಚೌಕಿಯಲ್ಲಿ ರಸ್ತೆಯೇ ಹೊಳೆಯಾದದ್ದನ್ನು ನೋಡಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ.

ಬೈಲು ಹೋದಾಗ ಗದ್ದೆಯೊಂದೇ ಹೋಗಲಿಲ್ಲ, ಆಟಕ್ಕೆ ಹೋಗುವ ದಾರಿಯೂ ಹೋಯಿತು. ಈಗಿನ ಮಕ್ಕಳಿಗೆ ಕಾರ್ಯಕ್ರಮ ಬೇರೆ, ನಡಿಗೆ ಬೇರೆ. ಕಾರ್ಯಕ್ರಮಕ್ಕೆ ಸ್ಕೂಟರಿನಲ್ಲಿ ಹೋಗುವುದು, ನಡಿಗೆಗೆ ಪಾರ್ಕಿಗೆ ಹೋಗುವುದು. ಅಜ್ಜಂದಿರ ಕಾಲದಲ್ಲಿ ಇವೆರಡೂ ಒಂದೇ ಆಗಿತ್ತು. ಸಂಜೆ ಚೌಕಿಯ ಕಡೆಯಿಂದ 'ಕೇಳಿ' ಹೊಡೆಯುತ್ತಿದ್ದರು. ಆಟ ಉಂಟು, ಬನ್ನಿ ಎಂದು ಊರಿಗೆ ಕರೆ ಹೇಳುವ ಚೆಂಡೆ ಅದು. ಮೈಕ್ ಇಲ್ಲದ ಆ ದನಿ ಗದ್ದೆಯ ಮೇಲಿಂದ ಬಹಳ ದೂರ ಹೋಗುತ್ತಿತ್ತು. ಊಟ ಮುಗಿಸಿ, ತೆಂಗಿನ ಒಣಗರಿಯ ಸೂಟೆ ಹೊತ್ತಿಸಿ, ಚಾಪೆಯೊಂದನ್ನು ಕಂಕುಳಲ್ಲಿ ಹಿಡಿದು ಕಟ್ಟಪುಣಿಯ ಮೇಲೆ ಸಾಲಾಗಿ ನಡೆಯುವುದು. ಎದುರಿನ ಗುಡ್ಡದಿಂದ ಇಳಿದು ಬರುವ ಇನ್ನೊಂದು ಸೂಟೆಯ ಸಾಲು ಕಂಡರೆ ಅವರು ಯಾವ ಮನೆಯವರೆಂದು ಊಹಿಸುವುದು. ಹೋಗುವಾಗ ಮಕ್ಕಳಿಗೆ ದೊಡ್ಡವರು ಪ್ರಸಂಗದ ಕತೆ ಹೇಳುತ್ತಿದ್ದರು. ಬೆಳಿಗ್ಗೆ ಬರುವಾಗ ಯಾರ ಅರ್ಥ ಚೆನ್ನಾಗಿತ್ತು, ಯಾರ ಕುಣಿತ ಸೋತಿತು ಎಂದು ಅವರೇ ಜಗಳಾಡುತ್ತಿದ್ದರು. ಓದು ಬಾರದ ಹೆಂಗಸರು ಕೂಡ ಮಹಾಭಾರತದ ಸಂಬಂಧಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದುದು ಈ ದಾರಿಯ ಪಾಠದಿಂದ.

ಈ ದಾರಿಯನ್ನು ಪೂರ್ತಿ ಮರಳಿ ತರಲು ಆಗುವುದಿಲ್ಲ. ಆದರೆ ಚಳಿಗಾಲದ ರಜೆಯಲ್ಲಿ, ಆಟವಿಲ್ಲದ ದಿನವೂ, ಅದರ ಗುರುತು ಹುಡುಕುತ್ತ ನಡೆಯಲು ಅಡ್ಡಿಯಿಲ್ಲ. ಅದಕ್ಕೆ ನಕಾಶೆ ಬೇಡ, ಊರಿನ ಹೆಸರುಗಳೇ ನಕಾಶೆ. ದೇರೆಬೈಲು, ಕುಂಜತ್ತಬೈಲು, ಹೊಯಿಗೆಬೈಲು ಎಂದರೆ ತಗ್ಗು. ಪದವು ಎಂದರೆ ಮುರಕಲ್ಲಿನ ಚಪ್ಪಟೆ ಎತ್ತರ. ದೇರೆಬೈಲಿನಿಂದ ಕೊಂಚಾಡಿಯ ಏರು ಹತ್ತಿ ಪದವಿನಂಗಡಿಗೆ ನಡೆದರೆ ಬೈಲಿನಿಂದ ಪದವಿಗೆ ಹೋದಂತಾಯಿತು. ಮಕ್ಕಳ ಕಾಲಿಗೆ ಮುಕ್ಕಾಲು ಗಂಟೆಯ ದಾರಿ. ಏರು ಎಲ್ಲಿ ಶುರುವಾಯಿತು, ಕಪ್ಪು ಮಣ್ಣು ಎಲ್ಲಿ ಮುಗಿದು ಕೆಂಪು ಕಲ್ಲು ಎಲ್ಲಿ ಕಾಣಿಸಿತು, ಬಾವಿಗಳು ಎಲ್ಲಿ ಆಳವಾದವು ಎಂದು ನೋಡುತ್ತ ಹೋದ ಮಗುವಿಗೆ ಭೂಗೋಳದ ಒಂದು ಅಧ್ಯಾಯ ಕಾಲಿನಲ್ಲೇ ಬರುತ್ತದೆ. ಪದವಿನ ಮೇಲೆ ಒಂದು ಅಂಗಡಿಯಿತ್ತು, ಅದಕ್ಕೇ ಪದವಿನಂಗಡಿ ಎಂದು ತಿಳಿದಾಗ ಮಕ್ಕಳು ನಗುತ್ತಾರೆ. ಇವತ್ತು ಅಲ್ಲಿ ಅಂಗಡಿಗಳಿಗೆ ಲೆಕ್ಕವಿಲ್ಲ.

ಡಿಸೆಂಬರಿನ ಕೊನೆಯ ವಾರದಲ್ಲಾದರೆ ಸಂಜೆಯ ನಡಿಗೆಗೆ ಇನ್ನೊಂದು ನೆವ ಉಂಟು. ದೇರೆಬೈಲಿನ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ಗೂಡುದೀಪ ಹತ್ತಿರುತ್ತದೆ, ಜಗಲಿಯ ಮೂಲೆಯಲ್ಲಿ ಗೋದಲಿ ಇರುತ್ತದೆ. ಗೋದಲಿಗೆ ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸಿ ಹಸಿರು ಗದ್ದೆ ಮಾಡುವ ಮಕ್ಕಳಿದ್ದಾರೆ. ಊರಿನಲ್ಲಿ ಉಳಿದ ಗದ್ದೆ ಇದೊಂದೇ ಇರಬಹುದು, ಅಂಗೈಯಗಲ. ಪರಿಚಯದ ಮನೆಯಾದರೆ ಒಳಗೆ ಕರೆದು ಕುಸ್ವಾರಿನ ತಟ್ಟೆ ಮುಂದಿಡುತ್ತಾರೆ. ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್ ತಿಂದು ಬಂದ ಮಕ್ಕಳಿಗೆ ರಾತ್ರಿ ಊಟ ಬೇಡ. ಜನವರಿ ನಡುವಿಗೆ ಕದ್ರಿಯ ಜಾತ್ರೆ. ದೇರೆಬೈಲಿನಿಂದ ನಡೆದೇ ಹೋಗುವವರು ಈಗಲೂ ಇದ್ದಾರೆ. ಅಲ್ಲಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಶಾಸನವಿದ್ದು, ಅದರ ಕಾಲ ಕ್ರಿ.ಶ. 968. ಜಾತ್ರೆಯ ಗದ್ದಲದಲ್ಲಿ ಅದನ್ನು ನೋಡಲು ಆಗದು, ಮಾರನೇ ವಾರ ಬೆಳಿಗ್ಗೆ ಹೋಗುವುದು ಒಳ್ಳೆಯದು. ಹತ್ತಿರದ ಕದ್ರಿ ಕಂಬಳ ರಸ್ತೆಯಲ್ಲಿ ನಡೆಯುವಾಗ, ಇದು ಕಂಬಳದ ಗದ್ದೆಯಿದ್ದ ಜಾಗ ಎಂದು ಯಾರಾದರೂ ಹೇಳಬೇಕು. ಹೇಳದಿದ್ದರೆ ಅದು ಆಟೋದವರಿಗೆ ಹೇಳುವ ಗುರುತು ಮಾತ್ರ.

ಇಷ್ಟೆಲ್ಲ ಇರುವಾಗಲೇ, ಜನವರಿಯಲ್ಲಿ ದೇರೆಬೈಲಿನ ಯಾವ ಮನೆಯಲ್ಲಾದರೂ ಕೇಳಬಹುದಾದ ಮಾತೊಂದಿದೆ. "ಎಂಥ ಆಟ? ಬರುವ ವಾರ ಪ್ರಿಪರೇಟರಿ ಉಂಟು. ಸುಮ್ಮನೆ ಕೂತು ಓದು." ಹೇಳುವ ತಾಯಿಯದು ತಪ್ಪಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಬೇಸಿಗೆ ಕಾಲಿಡುವಾಗ ಬರುವ ಪರೀಕ್ಷೆಗಳು. ತಯಾರಿಯ ಬಿಸಿ ಏರುವುದು ಡಿಸೆಂಬರಿನಿಂದ. ಒಂದು ಕಾಲದ ಬಿಡುವಿನ ತಿಂಗಳುಗಳು ಈಗಿನ ಮಕ್ಕಳಿಗೆ ವರ್ಷದಲ್ಲೇ ಅತಿ ಬಿಡುವಿಲ್ಲದ ತಿಂಗಳುಗಳು. ಗದ್ದೆಯ ಪಂಚಾಂಗ ಒಂದು, ಶಾಲೆಯ ಪಂಚಾಂಗ ಇನ್ನೊಂದು. ನಡುವೆ ಸಿಕ್ಕಿಕೊಂಡದ್ದು ಹದಿನೈದು ವರ್ಷದ ಹುಡುಗಿ. ಅವಳು ಎಂಟನೇ ತರಗತಿಯಲ್ಲಿ ಟ್ಯೂಶನ್ನಿಗೆ ಸೇರಿದರೆ ಪಿಯುಸಿ ಮುಗಿಯುವವರೆಗೆ ಐದು ಚಳಿಗಾಲ. ಆಮೇಲೆ ಬೆಂಗಳೂರು. ಆಟ ನೋಡುವ ಕಣ್ಣು ಬರುವ ವಯಸ್ಸಿನ ಐದು ತಿರುಗಾಟಗಳು ಹೀಗೆ ಮುಗಿದು ಹೋಗುತ್ತವೆ. ಆಮೇಲೆ ಅವಳಿಗೆ ಯಕ್ಷಗಾನವೆಂದರೆ ಮೊಬೈಲಿನಲ್ಲಿ ಯಾರೋ ಕಳಿಸಿದ ಎರಡು ನಿಮಿಷದ ದಿಗಿಣ.

ಶಾಲೆಯಲ್ಲಿ ಕಲೆಗೆ ಜಾಗ ಇಲ್ಲವೇ ಎಂದರೆ ಇದೆ, ಸ್ಕೂಲ್ ಡೇ. ಡಿಸೆಂಬರಿನ ಒಂದು ಸಂಜೆ ಮುನ್ನೂರು ಮಕ್ಕಳು ವೇದಿಕೆ ಹತ್ತಿ ಇಳಿಯುತ್ತಾರೆ. ಬಾಡಿಗೆಯ ಉಡುಪು, ಸಿನಿಮಾ ಹಾಡು, ಎದುರಿಗೆ ಮೊಬೈಲ್ ಎತ್ತಿ ಹಿಡಿದ ಅಪ್ಪಂದಿರು. ತಮ್ಮ ಮಗುವಿನ ನಾಲ್ಕು ನಿಮಿಷ ಮುಗಿದ ಕೂಡಲೇ ಅರ್ಧ ಸಭೆ ಎದ್ದು ಹೋಗುತ್ತದೆ. ಮಕ್ಕಳು ಅಲ್ಲಿ ಕುಣಿಯಲು ಕಲಿಯಬಹುದು, ಕೂತು ನೋಡಲು ಕಲಿಯುವುದಿಲ್ಲ. ಇನ್ನೊಬ್ಬರು ಆಡುವುದನ್ನು ಮೂರು ಗಂಟೆ ಕೂತು ನೋಡುವುದೂ ಒಂದು ವಿದ್ಯೆ. ಮೂರು ಗಂಟೆಯ ಪರೀಕ್ಷೆಗೆ ಕೂರುವವರಿಗೆ ಅದು ಉಪಯೋಗಕ್ಕೆ ಬರದೆಂದು ಹೇಳಲಾಗದು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಶಾಲೆಯಲ್ಲೇ ಯಕ್ಷಗಾನ ಕಲಿಸಿ, ವರ್ಷದ ಕೊನೆಯ ತಿಂಗಳುಗಳಲ್ಲಿ ಅವರಿಂದ ಪ್ರಸಂಗ ಆಡಿಸುತ್ತ ಬಂದಿದೆ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡಿಕೊಂಡು ಬಂದ ಕಲೆಯಿದು; ಈಗ ಕಲಿಯುವ ತರಗತಿಗಳಲ್ಲಿ ಕಿರೀಟ ಕಟ್ಟಿ ಕುಣಿಯುವ ಹುಡುಗಿಯರನ್ನು ಕಾಣಬಹುದು.

ಪರೀಕ್ಷೆಯ ಮಕ್ಕಳ ಕಡೆಯಿಂದಲೂ ಒಂದು ಮಾತಿದೆ, ಅದನ್ನು ಆಟದ ಅಭಿಮಾನಿಗಳು ಕೇಳಿಸಿಕೊಳ್ಳಬೇಕು. ಹಳೆಯ ಬಯಲಿನಲ್ಲಿ ಆಟದ ಸದ್ದು ಗದ್ದೆಯ ಮೇಲೆ ಹರಡಿ ಹೋಗುತ್ತಿತ್ತು. ಈಗ ಆಟ ನಡೆಯುವುದು ಎರಡು ಫ್ಲಾಟುಗಳ ನಡುವಿನ ಖಾಲಿ ಸೈಟಿನಲ್ಲಿ, ಧ್ವನಿವರ್ಧಕದ ಬಾಯಿ ಯಾವುದೋ ಮನೆಯ ಕಿಟಕಿಗೆ. ಅಲ್ಲೊಬ್ಬ ಹುಡುಗ ಗಣಿತ ಮಾಡುತ್ತಿರುತ್ತಾನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸಡಿಲ ಕೊಡಲು ಸರ್ಕಾರಕ್ಕೆ ಅವಕಾಶವಿದೆ. ಇಡೀ ರಾತ್ರಿಯ ಆಟಕ್ಕೂ ಈ ನಿಯಮಕ್ಕೂ ಹೊಂದಾಣಿಕೆ ಕಷ್ಟ. ಕಾಲಮಿತಿಯೋ ಇಡೀ ರಾತ್ರಿಯೋ ಎಂಬ ಚರ್ಚೆ 2022ರಲ್ಲಿ ಕಟೀಲು ಮೇಳಗಳ ವಿಷಯದಲ್ಲಿ ಬಹಳ ಜೋರಾಗಿಯೇ ನಡೆಯಿತು. ಹರಕೆಯ ಆಟ ಬೆಳಗಿನ ಮಂಗಳದವರೆಗೆ ನಡೆದರೇ ತೃಪ್ತಿ ಎನ್ನುವವರ ಮಾತಿನಲ್ಲಿ ಶ್ರದ್ಧೆಯಿದೆ. ಕತ್ತರಿಸಿದ ಪ್ರಸಂಗದಲ್ಲಿ ನಿಧಾನದ ಪದ್ಯಗಳು ಬಿದ್ದು ಹೋಗುತ್ತವೆ, ಅರ್ಥಗಾರಿಕೆ ಓಡುತ್ತದೆ ಎಂಬ ಕಲಾವಿದರ ದೂರೂ ನಿಜವೇ.

ಆದರೆ ಶಾಲೆಯ ಮಕ್ಕಳ ಮಟ್ಟಿಗೆ ಕಾಲಮಿತಿಯಿಂದ ಉಪಕಾರವಾಗಿದೆ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯುವ ಆಟ ಮಾರನೇ ದಿನದ ಓದನ್ನು ಹಾಳು ಮಾಡುವುದಿಲ್ಲ. ಶನಿವಾರದ ಒಂದು ಸಂಜೆ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಹರಕೆಯಾಟ. ಇಡೀ ಚಳಿಗಾಲದಲ್ಲಿ ಇಷ್ಟನ್ನು ಒಂದು ಸಲ ಮಾಡಲು ಯಾವ ಪರೀಕ್ಷೆಯೂ ಅಡ್ಡ ಬರಬಾರದು. ಕೊಟ್ಟಾರ, ಕಾವೂರು, ಬೊಂದೇಲು, ಯೆಯ್ಯಾಡಿ, ಇಷ್ಟರೊಳಗೆ ಒಂದಾದರೂ ಆಟ ಆಗದ ವರ್ಷ ಅಪರೂಪ. ಖರ್ಚಿನ ಮಾತೂ ಇಲ್ಲ. ಡೇರೆ ಮೇಳಗಳ ಕಾಲದಲ್ಲಿ ಟಿಕೆಟು ಇತ್ತು. ಹರಕೆಯ ಬಯಲಾಟಕ್ಕೆ ಟಿಕೆಟಿಲ್ಲ. ಆಡಿಸುವ ಮನೆಯವರು ವರ್ಷಗಟ್ಟಲೆ ಮೊದಲೇ ಆಟ ಗೊತ್ತು ಮಾಡಿ ಕಾದಿರುತ್ತಾರೆ. ಬಂದವರಿಗೆಲ್ಲ ಊಟ ಹಾಕುವುದೂ ಅವರ ಹರಕೆಯ ಭಾಗವೇ. ಗುರುತಿಲ್ಲದವರು ಹೋಗಬಹುದೇ ಎಂದು ಹೊಸದಾಗಿ ಫ್ಲಾಟಿಗೆ ಬಂದವರು ಹಿಂಜರಿಯುತ್ತಾರೆ. ಹೋಗಬಹುದು. ಬಯಲಾಟಕ್ಕೆ ಬಾಗಿಲಿಲ್ಲ.

ಹೋಗುವುದಾದರೆ ಬೇಗ ಹೋಗಬೇಕು. ಆಟ ಶುರುವಾಗುವ ಮೊದಲಿನ ಹೊತ್ತು ಮಕ್ಕಳಿಗೆ ಆಟದಷ್ಟೇ ರುಚಿ. ಬಣ್ಣ ಹಚ್ಚಿಕೊಳ್ಳುವ ಜಾಗ ಚೌಕಿ. ದೇವರ ಪೆಟ್ಟಿಗೆ, ದೀಪ, ಸಾಲಾಗಿ ಇಟ್ಟ ಕಿರೀಟಗಳು, ಕನ್ನಡಿ ಹಿಡಿದು ತನ್ನ ಮುಖ ತಾನೇ ಬರೆದುಕೊಳ್ಳುವ ಕಲಾವಿದ. ಬಣ್ಣದ ವೇಷದವರಿಗೆ ಚುಟ್ಟಿ ಇಟ್ಟು ಮುಗಿಯಲು ಗಂಟೆಗಳೇ ಬೇಕು. ಚಪ್ಪಲಿ ಹೊರಗೆ ಬಿಟ್ಟು, ಗಲಾಟೆ ಮಾಡದೆ, ಕೇಳಿಕೊಂಡು ಒಳಗೆ ನಿಂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ. ಫೋಟೋ ತೆಗೆಯುವ ಚಪಲ ಮಾತ್ರ ಮನೆಯಲ್ಲಿ ಬಿಟ್ಟು ಬರಬೇಕು. ಆಮೇಲೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷದ ಕುಣಿತಗಳು. ಹಿಂದೆ ಮೇಳಕ್ಕೆ ಸೇರಿದ ಹುಡುಗರು ಇದರಲ್ಲೇ ತಾಳ, ಹೆಜ್ಜೆ ತಿದ್ದಿಕೊಂಡು ದೊಡ್ಡ ವೇಷಕ್ಕೆ ಬರುತ್ತಿದ್ದರು. ಇದು ಮೇಳದ ಒಂದನೇ ತರಗತಿ. ಪ್ರಸಂಗಕ್ಕೆ ಸರಿಯಾಗಿ ಬರುವ ದೊಡ್ಡವರು ಇದನ್ನು ನೋಡುವುದೇ ಇಲ್ಲ.

ಯಾವ ಪ್ರಸಂಗ ಎಂದು ಕೇಳಿ ಕತೆಯನ್ನು ದಾರಿಯಲ್ಲೇ ಹೇಳಿಬಿಡಬೇಕು. ಕತೆ ಗೊತ್ತಾದರೆ ಕುತೂಹಲ ಹೋಗುತ್ತದೆ ಎಂಬ ಹೆದರಿಕೆ ಸಿನಿಮಾದ್ದು. ಆಟದಲ್ಲಿ ಕತೆ ಎಲ್ಲರಿಗೂ ಗೊತ್ತು. ಇವತ್ತಿನ ಭೀಷ್ಮ ಅದನ್ನು ಹೇಗೆ ಹೇಳುತ್ತಾನೆ ಎಂಬುದೇ ಕುತೂಹಲ. ಮೊದಲ ಸಲಕ್ಕೆ 'ದೇವಿಮಹಾತ್ಮೆ' ಸಿಕ್ಕಿದರೆ ಮಕ್ಕಳ ಅದೃಷ್ಟ. ಕಟೀಲು ಮೇಳಗಳ ಹರಕೆಯಾಟಗಳಲ್ಲಿ ಹೆಚ್ಚಾಗಿ ಆಡುವುದು ಅದನ್ನೇ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೂರದಿಂದ, ಸಭೆಯ ನಡುವಿನಿಂದ, ದೊಂದಿಯ ಬೆಂಕಿಗೆ ರಾಳದ ಪುಡಿ ಎರಚಿಸಿಕೊಳ್ಳುತ್ತ, ಅಬ್ಬರಿಸುತ್ತ ಬರುತ್ತಾನೆ. ಇಡೀ ರಾತ್ರಿಯ ಆಟದಲ್ಲಿ ಇದು ನಡುರಾತ್ರಿ ಕಳೆದ ಮೇಲಿನ ಮಾತು. ಚಾಪೆಯ ಮೇಲೆ ನಿದ್ದೆ ಹೋದ ಮಕ್ಕಳನ್ನು ತಾಯಂದಿರು ಇದಕ್ಕೆಂದೇ ಅಲುಗಿಸಿ ಎಬ್ಬಿಸುತ್ತಿದ್ದರು. ಎದ್ದ ಮಗು ಒಮ್ಮೆ ನೋಡಿ, ಕಿಟಾರನೆ ಕಿರುಚಿ, ಅಮ್ಮನ ಸೆರಗಿನೊಳಗೆ ತಲೆಯಿಟ್ಟು, ಒಂದು ಕಣ್ಣಿನಿಂದ ಮತ್ತೆ ನೋಡುತ್ತಿತ್ತು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಮಂಗಳೂರಿನವರನ್ನು ಕೇಳಿದರೆ, ಶಾಲೆಯ ಯಾವ ಪಾಠ ಮರೆತರೂ ಆ ಬೆಂಕಿಯನ್ನು ಮರೆತಿರುವುದಿಲ್ಲ.

ವೇದಿಕೆಯ ಕಾರ್ಯಕ್ರಮಗಳಿಗೆ ಮಂಗಳೂರಿನಲ್ಲಿ ಕೊರತೆಯಿಲ್ಲ. ಕುದ್ಮುಲ್ ರಂಗರಾವ್ ಪುರಭವನದಲ್ಲಿ ತುಳು ನಾಟಕವೋ ಸಂಗೀತವೋ ಇದ್ದೇ ಇರುತ್ತದೆ, ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿಯವರ ಹಾಡು, ನಾಟಕಗಳಾಗುತ್ತವೆ, ಕರಾವಳಿ ಉತ್ಸವ ನಡೆದ ವರ್ಷ ಕದ್ರಿ ಪಾರ್ಕಿನಲ್ಲೂ ವೇದಿಕೆ ಏಳುತ್ತದೆ. ಅವೆಲ್ಲ ಚೆಂದವೇ. ಅವುಗಳಿಗೆ ಬಸ್ಸಿದೆ, ಕುರ್ಚಿಯಿದೆ, ಸಮಯಕ್ಕೆ ಮುಗಿಯುವ ಭರವಸೆಯೂ ಇದೆ.

ನಡೆದು ಹೋಗುವವರಿಗೆ ಇರುವ ತೊಂದರೆ ಚಳಿಯದ್ದಲ್ಲ, ರಸ್ತೆಯದ್ದು. ಒಳರಸ್ತೆಗಳಲ್ಲಿ ಕಾಲುದಾರಿ ಇದ್ದಲ್ಲಿ ಸ್ಕೂಟರು ನಿಂತಿರುತ್ತದೆ, ಇಲ್ಲದಲ್ಲಿ ಚರಂಡಿಯ ಚಪ್ಪಡಿ ಅಲುಗಾಡುತ್ತದೆ. ಕುಂಟಿಕಾನದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟುವುದೆಂದರೆ ದೊಡ್ಡವರಿಗೇ ಎದೆ ಡವಡವ. ಆದ್ದರಿಂದ ಹೆದ್ದಾರಿಯ ಈಚೆಯೇ ನಡೆಯುವ ಆಟವನ್ನು ಆರಿಸಿಕೊಳ್ಳುವುದು ಜಾಣತನ. ಸೂಟೆಯ ಬದಲು ಒಂದು ಟಾರ್ಚ್, ಕೂರಲು ಹಳೆಯ ಬೆಡ್‌ಶೀಟು, ಸಣ್ಣವರಿಗೊಂದು ಸ್ವೆಟರು. ನಡುರಾತ್ರಿಯ ಹೊತ್ತಿಗೆ ಮಂಗಳೂರಿನ ಚಳಿಯೂ ತನ್ನ ಮರ್ಯಾದೆ ಉಳಿಸಿಕೊಳ್ಳುತ್ತದೆ. ನಾಲ್ಕು ಮನೆಯವರು ಒಟ್ಟಾಗಿ ಹೊರಟರೆ ಒಳ್ಳೆಯದು. ಹಿಂದೆಯೂ ಹಾಗೆಯೇ ಹೊರಡುತ್ತಿದ್ದರು.

ಹತ್ತನೇ ತರಗತಿಯ ಮನೆಯವರು ಇಷ್ಟಕ್ಕೂ ಒಪ್ಪದಿದ್ದರೆ ಅವರಿಗೂ ಒಂದು ದಾರಿಯಿದೆ. ಏಪ್ರಿಲ್ ಮೊದಲಿಗೆ ಪರೀಕ್ಷೆ ಮುಗಿಯಿತೆಂದರೂ ಪತ್ತನಾಜೆಗೆ ಇನ್ನೂ ಆರೇಳು ವಾರ ಇರುತ್ತದೆ. ಮೇಳಗಳು ಆಗಲೂ ಊರೂರು ತಿರುಗುತ್ತಿರುತ್ತವೆ. ಚಳಿ ಇರುವುದಿಲ್ಲ, ಬೀಸಣಿಗೆ ಒಯ್ಯಬೇಕಾಗುತ್ತದೆ; ಕಿರೀಟ ಹೊತ್ತ ಕಲಾವಿದನ ಬಣ್ಣ ಬೆವರಿಗೆ ಇಳಿಯುವುದನ್ನು ಮುಂದಿನ ಸಾಲಿನಲ್ಲಿ ಕೂತವರು ಕಾಣಬಹುದು. ಗೇರುಹಣ್ಣಿನ ಕಾಲ ಮುಗಿಯುತ್ತ ಬಂದಿದ್ದರೂ ಮಾವಿನದು ಶುರುವಾಗಿರುತ್ತದೆ, ದಾರಿಯಲ್ಲಿ ತಿನ್ನಲು ಏನಾದರೊಂದು ಸಿಗುತ್ತದೆ.